ಲ್ಯಾಪ್‌ಟಾಪಿನ ಮೇಲೆ ಪುನರ್ಪುಳಿ ಶರಬತ್ತು: ಬಿಚ್ಚಿ ತೊಳೆದು ಒಣಗಿಸಿದ ಕಥೆ

ಶುಕ್ರವಾರ ಸಂಜೆ ಐದೂವರೆಗೆ ಮಳೆ ಸುರಿಯತೊಡಗಿತು. ಜೂನ್ ಮೊದಲ ವಾರದ ಮಳೆ, ಹೇಳದೆ ಕೇಳದೆ ಬರುವಂಥದ್ದು. ಮಗಳು ಮಂಗಳೂರಿನ ಹಾಸ್ಟೆಲಿನಿಂದ ಮಧ್ಯಾಹ್ನವಷ್ಟೇ ಬಂದಿದ್ದಳು. ಜಗಲಿಯಲ್ಲಿ ಕೂತು ಕಾಲೇಜಿನ ಪ್ರಾಜೆಕ್ಟ್ ವರದಿ ಬರೆಯುತ್ತಿದ್ದವಳು ಅಂಗಳದ ಹಗ್ಗದಿಂದ ಬಟ್ಟೆ ತೆಗೆಯಲು ಎದ್ದು ಓಡಿದಳು. ಚಾರ್ಜರಿನ ವಯರ್ ಕಾಲಿಗೆ ಸಿಕ್ಕಿತು, ಲೋಟ ಮಗುಚಿತು. ಅರ್ಧ ಲೋಟ ಪುನರ್ಪುಳಿ (ಕೋಕಂ) ಶರಬತ್ತು ಕೀಬೋರ್ಡಿನ ಮೇಲೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಾನು ಅಡಿಕೆ ತೋಟ ನೋಡಿಕೊಂಡಿರುವವನು. ಪಂಪಿನ ಸ್ಟಾರ್ಟರ್, ಮಿಕ್ಸಿ, ಇನ್ವರ್ಟರ್ ಇವನ್ನೆಲ್ಲ ನಾನೇ ಬಿಚ್ಚಿ ಸರಿ ಮಾಡುತ್ತೇನೆ. ಲ್ಯಾಪ್‌ಟಾಪುಗಳನ್ನೂ ನಾಲ್ಕೈದು ಬಿಚ್ಚಿದ್ದೆ, ಆದರೆ ಶರಬತ್ತು ಕುಡಿದದ್ದು ಇದೇ ಮೊದಲು. ಅವತ್ತು ಸಂಜೆ ನಮಗೆ ಸಿಕ್ಕಿದ ಸಲಹೆಗಳೆಲ್ಲ ಒಣಗಿಸುವುದರ ಬಗ್ಗೆಯೇ ಇದ್ದವು. ತೊಳೆಯಬೇಕು ಎಂದು ಒಬ್ಬರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಮೊದಲ ಅರ್ಧ ನಿಮಿಷದಲ್ಲಿ ಮಾಡಿದ್ದು ಸರಿಯಾಗಿಯೇ ಇತ್ತು. ಗೋಡೆಯ ಸ್ವಿಚ್ ಆರಿಸಿ ಚಾರ್ಜರ್ ಕಿತ್ತಳು. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿದಳು. ಬರೆದದ್ದನ್ನು ಸೇವ್ ಮಾಡುತ್ತಾ ಕೂರಲಿಲ್ಲ, ಮೆನು ಹುಡುಕಿ ಶಟ್‌ಡೌನ್ ಮಾಡಲು ಹೋಗಲಿಲ್ಲ. ಆಮೇಲೆ ಪೂರ್ತಿ ತೆರೆದು, ಹೆಂಚಿನ ಮಾಡಿನ ಹಾಗೆ ಮೇಜಿನ ಮೇಲೆ ಕವುಚಿ ನಿಲ್ಲಿಸಿದಳು, ಕೀಬೋರ್ಡ್ ಕೆಳಮುಖ. ಕೆಳಗೆ ಒಂದು ಟವೆಲ್. ಹೀಗೆ ನಿಲ್ಲಿಸಿದರೆ ಒಳಗೆ ಹೋದದ್ದು ಹೋದ ದಾರಿಯಲ್ಲೇ ಸ್ವಲ್ಪ ವಾಪಸ್ ಬರುತ್ತದೆ. ಆಚೆ ಈಚೆ ಅಲ್ಲಾಡಿಸಿದರೆ ಹೋಗದ ಕಡೆಗೂ ಹೋಗುತ್ತದೆ.

ನಾನು ತೋಟದಿಂದ ಬರುವಾಗ ಆರು ಗಂಟೆ.

"ಅಪ್ಪಾ, ಎಲ್ಲ ಒರೆಸಿದೆ. ಒಮ್ಮೆ ಆನ್ ಮಾಡಿ ನೋಡಿದೆ, ಬಂತು. ಒಂದು ನಿಮಿಷ ಇತ್ತು, ಮತ್ತೆ ತಾನಾಗಿ ಆಫ್ ಆಯಿತು."

"ಇನ್ನು ಮುಟ್ಟುವುದು ಬೇಡ ಮಗಾ" ಎಂದೆ. ಆನ್ ಆಗ್ತದಾ ನೋಡುವ ಎಂದು ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸುತ್ತಿತ್ತೇನೋ. ಆದರೆ ಒದ್ದೆ ಬೋರ್ಡಿನಲ್ಲಿ, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಲ್ಲಿ, ಕರೆಂಟ್ ಹರಿದ ಆ ಒಂದು ನಿಮಿಷ, ಶರಬತ್ತು ಬಿದ್ದದ್ದಕ್ಕಿಂತ ಜಾಸ್ತಿ ಹಾಳು ಮಾಡುತ್ತದೆ.

ಸಲಹೆಗಳು ಬಂದವು. ಅಮ್ಮ ಅಕ್ಕಿ ಡಬ್ಬದಲ್ಲಿ ಹೂತಿಡಲು ಹೇಳಿದರು. ಅದಾಗದಿದ್ದರೆ ಅಡುಗೆಮನೆಯ ಅಟ್ಟದ ಮೇಲಿಡು, ಒಲೆಯ ಬಿಸಿಗೆ ಒಣಗುತ್ತದೆ ಎಂದರು. ಮಗಳ ಗೆಳತಿ ಫೋನಿನಲ್ಲಿ ಹೇರ್ ಡ್ರೈಯರ್ ಹೇಳಿದಳು. ಅಕ್ಕಿ ತನ್ನ ಸುತ್ತಲಿನ ಗಾಳಿಯ ತೇವವನ್ನು ಸ್ವಲ್ಪ ಹೀರಬಹುದು, ಮುಚ್ಚಿದ ಯಂತ್ರದೊಳಗೆ ಚಿಪ್ ಅಡಿಯಲ್ಲಿ ನಿಂತದ್ದನ್ನು ಎಳೆದು ತೆಗೆಯಲಾರದು. ಅದರ ಹುಡಿ ಪೋರ್ಟುಗಳ ಒಳಗೆ ಸೇರುವುದು ಬೇರೆ. ಅಟ್ಟದಲ್ಲಿ ಬಿಸಿಯ ಜೊತೆ ಹೊಗೆಯೂ ಮಸಿಯೂ ಉಂಟು. ಹೇರ್ ಡ್ರೈಯರ್ ದ್ರವವನ್ನು ಊದಿ ಇನ್ನೂ ಒಳಗೆ ತಳ್ಳುತ್ತದೆ, ಬಿಸಿ ಜಾಸ್ತಿಯಾದರೆ ಕೀಲಿಗಳು ಸೊಟ್ಟಗಾಗುತ್ತವೆ.

ಅದಕ್ಕಿಂತ ದೊಡ್ಡ ಮಾತು ಬೇರೆ. ಒಣಗಿದರೆ ಹೋಗುವುದು ನೀರು ಮಾತ್ರ. ಶರಬತ್ತಿನ ಸಕ್ಕರೆ, ಹುಳಿ, ಚಿಟಿಕೆ ಉಪ್ಪು ಎಲ್ಲ ಬೋರ್ಡಿನ ಮೇಲೆಯೇ ಉಳಿಯುತ್ತವೆ. ತಾಮ್ರದ ಪಾತ್ರೆಗೆ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಹೇಗೆ ಹೊಳೆಯುತ್ತದೆ ನೋಡಿದ್ದೀರಲ್ಲ? ಹುಳಿ ಮೇಲಿನ ಕಪ್ಪು ಪದರವನ್ನು ಕರಗಿಸಿ ಹೊಸ ತಾಮ್ರ ತೋರಿಸುತ್ತದೆ. ಪಾತ್ರೆಯ ತಗಡು ದಪ್ಪ, ಅದಕ್ಕೆ ಏನೂ ಆಗುವುದಿಲ್ಲ. ಲ್ಯಾಪ್‌ಟಾಪ್ ಬೋರ್ಡಿನ ತಾಮ್ರದ ಗೆರೆಗಳು ಕೂದಲಿಗಿಂತ ತೆಳು. ಅದೇ ಹುಳಿ ಅಲ್ಲಿ ಕೂತರೆ ಗೆರೆಯನ್ನೇ ತಿನ್ನುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯಲ್ಲೇ ನೀರಿರುತ್ತದೆ. ಒಣಗಿ ಅಂಟಾದ ಸಕ್ಕರೆ, ಉಪ್ಪು ಆ ತೇವವನ್ನು ಮತ್ತೆ ಹೀರಿಕೊಂಡು ಒದ್ದೆಯಾಗುತ್ತವೆ. ಎರಡು ದಿನ ಒಣಗಿಸಿ ಆನ್ ಮಾಡಿದ ಲ್ಯಾಪ್‌ಟಾಪ್ ಒಂದು ತಿಂಗಳು ಸರಿಯಾಗಿ ನಡೆದು ಆಮೇಲೆ ಸಾಯುವುದು ಇದರಿಂದಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾರಂಟಿ ಇದ್ದರೆ ಬಿಚ್ಚುವ ಮೊದಲು ಕಾಗದ ಓದಿ. ಸಾಮಾನ್ಯ ವಾರಂಟಿಯಲ್ಲಿ ನೀರು ಬಿದ್ದದ್ದು ಸೇರುವುದಿಲ್ಲ, ಆಕಸ್ಮಿಕ ಹಾನಿಗೆ ಬೇರೆ ದುಡ್ಡು ಕೊಟ್ಟು ಪ್ಲಾನ್ ತೆಗೆದುಕೊಂಡಿದ್ದರೆ ಮಾತ್ರ ಸೇರುತ್ತದೆ. ಅಂಥ ಪ್ಲಾನ್ ಇದ್ದರೆ ಕೈ ಹಾಕದೆ ಅಲ್ಲಿಗೇ ಕೊಡಿ. ಕೆಲವು ಲ್ಯಾಪ್‌ಟಾಪುಗಳ ಒಳಗೆ ಪುಟ್ಟ ಬಿಳಿ ಚೀಟಿ ಅಂಟಿಸಿರುತ್ತಾರೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ಮಗಳದ್ದಕ್ಕೆ ಮೂರು ವರ್ಷ ದಾಟಿತ್ತು. ಒಂದು ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ನೋಡುವ ಮೊದಲೇ ಬೋರ್ಡ್ ಬದಲಾಯಿಸಬೇಕಾಗುತ್ತದೆ ಎಂದರು. ಆ ಉತ್ತರ ನನಗೆ ಹಿಡಿಸಲಿಲ್ಲ.

ರಾತ್ರಿ ಒಂಬತ್ತಕ್ಕೆ ಬಿಚ್ಚಲು ಕೂತೆ. ಹೊರಗೆ ಮಳೆ, ಕರೆಂಟ್ ಹೋಗಿತ್ತು, ಇನ್ವರ್ಟರಿನ ಬೆಳಕು ಮತ್ತು ತಲೆಗೆ ಕಟ್ಟಿದ ಟಾರ್ಚ್. ಬೇಕಾದದ್ದು ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಒಂದು ಹಳೆಯ ಎಟಿಎಂ ಕಾರ್ಡ್, ಒಂದು ಬಿಳಿ ಹಾಳೆ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದು, ಆಯಾ ತೂತಿನ ಸ್ಕ್ರೂವನ್ನು ಆ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿದೆ. ಇದು ಸುಮ್ನೆ ಶಿಸ್ತಿಗಾಗಿ ಅಲ್ಲ. ನನ್ನಲ್ಲಿದ್ದ ಒಂಬತ್ತು ಸ್ಕ್ರೂಗಳಲ್ಲಿ ಎರಡು ಉದ್ದ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಆಚೆ ಬದಿಯ ಏನನ್ನಾದರೂ ಚುಚ್ಚುತ್ತದೆ.

ಮುಚ್ಚಳ ಏಳುತ್ತಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಮೊದಲಿನ ಲ್ಯಾಪ್‌ಟಾಪುಗಳಲ್ಲಿ ಕೊಂಡಿ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗಿನವುಗಳಲ್ಲಿ ಅದು ಒಳಗೆ. ಹಾಗಾಗಿ ಆಫ್ ಮಾಡಿದರೂ ಬೋರ್ಡ್ ಪೂರ್ತಿ ಸತ್ತಿರುವುದಿಲ್ಲ. ಯಾರಾದರೂ ಪವರ್ ಬಟನ್ ಒತ್ತುತ್ತಾರಾ ಎಂದು ಕಾಯುವ ಒಂದು ಭಾಗ ಸದಾ ಎಚ್ಚರವಾಗಿರುತ್ತದೆ. ಅಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕನೆಕ್ಟರನ್ನು ವಯರ್ ಹಿಡಿದು ಎಳೆಯಬಾರದು. ಎರಡೂ ಕಿವಿಗಳಿಗೆ ಉಗುರು ಕೊಟ್ಟು ಸ್ವಲ್ಪ ಸ್ವಲ್ಪ ಸರಿಸಬೇಕು. ಬ್ಯಾಟರಿ ಉಬ್ಬಿದ್ದರೆ, ಬಿಸಿಯಿದ್ದರೆ, ಸಿಹಿಸಿಹಿ ಕೆಮಿಕಲ್ ವಾಸನೆ ಬಂದರೆ ಬಿಚ್ಚುವುದನ್ನು ಅಲ್ಲಿಗೇ ನಿಲ್ಲಿಸಿ, ಮನೆಯಿಂದ ದೂರ ಸಿಮೆಂಟಿನ ನೆಲದ ಮೇಲೆ ಇಟ್ಟುಬಿಡಿ.

ಟಾರ್ಚ್ ಹಿಡಿದು ನೋಡಿದೆ. ಕೀಬೋರ್ಡಿನ ನಡುವಿನಿಂದ ಇಳಿದ ಕೆಂಪು ದಾರಿ ಬೋರ್ಡಿನ ಎಡ ಅಂಚಿನಲ್ಲಿ ಹರಿದು, ಒಂದು ತಗಡಿನ ಕವಚದ ಅಡಿಗೆ ನುಗ್ಗಿತ್ತು. ಪುನರ್ಪುಳಿಯ ಬಣ್ಣ ಈ ಕೆಲಸಕ್ಕೆ ದೊಡ್ಡ ಉಪಕಾರ ಮಾಡಿತು. ಎಳನೀರು ಬಿದ್ದಿದ್ದರೆ ಎಲ್ಲಿಗೆ ಹೋಗಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಕೀಬೋರ್ಡಿನ ಪಟ್ಟಿ ಕೇಬಲ್ ಕೂರುವ ಕನೆಕ್ಟರಿನ ಕೊನೆಯ ಎರಡು ಪಿನ್ನುಗಳ ಮೇಲೆ ಸಾಸಿವೆಗಿಂತ ಸಣ್ಣದೊಂದು ಹಸಿರು ಚುಕ್ಕೆ. ಹಿತ್ತಾಳೆ ದೀಪಕ್ಕೆ ಹಿಡಿಯುವ ಅದೇ ಕಿಲುಬು. ದೀಪಕ್ಕೆ ಹಿಡಿಯಲು ವಾರಗಟ್ಟಲೆ ಬೇಕು, ಇಲ್ಲಿ ಮೂರೂವರೆ ಗಂಟೆ ಸಾಕಾಗಿತ್ತು. ಹುಳಿನೀರಿನಲ್ಲಿ ಕರೆಂಟ್ ಹರಿದರೆ ಪಾಸಿಟಿವ್ ಕಡೆಯ ಲೋಹ ಕರಗಿ ಪಕ್ಕದ ಪಿನ್ನಿನ ಕಡೆಗೆ ಹೊರಡುತ್ತದೆ. ಬ್ಯಾಟರಿ ತೆಗೆಯುವವರೆಗೂ ಇದು ನಡೆಯುತ್ತಲೇ ಇರುತ್ತದೆ.

ಆ ರಾತ್ರಿ ಟಿಶ್ಯೂ ಕಾಗದ ಒತ್ತಿ ಒತ್ತಿ ಸಿಕ್ಕಿದಷ್ಟು ಹೀರಿಸಿದೆ, ತಿಕ್ಕಲಿಲ್ಲ. ಎಸ್‌ಎಸ್‌ಡಿ ಬಿಚ್ಚಿ ತೆಗೆದೆ. ಫೈಲುಗಳೆಲ್ಲ ಇರುವ ಭಾಗ ಅದು, ಚೂಯಿಂಗ್ ಗಮ್ ಪಟ್ಟಿಯಷ್ಟು ಗಾತ್ರ, ಒಂದೇ ಸ್ಕ್ರೂ. ಪುಣ್ಯಕ್ಕೆ ಅದರ ಕಡೆಗೆ ಹನಿಯೂ ಹೋಗಿರಲಿಲ್ಲ. ಮಗಳ ವರದಿ ಇರುವುದು ಅದರಲ್ಲೇ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕಾಸರಗೋಡು. ಹೊಸ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ "ಐಪಿಎ ಉಂಡೋ ಚೇಟ್ಟಾ?" ಎಂದು ಕೇಳಿದೆ. ಐಪಿಎ ಇದೆಯಾ ಅಣ್ಣಾ ಎಂದರ್ಥ. ಬೋರ್ಡ್ ತೊಳೆಯಲು ಬೇಕಾದದ್ದು ಅದು, ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ಪೂರ್ತಿ ಹೆಸರು ಅಲ್ಲಿ ಯಾರಿಗೂ ಬೇಡ. ಅರ್ಧ ಲೀಟರ್ ಬಾಟಲಿ ಕೊಟ್ಟರು. ಲೇಬಲ್ಲಿನಲ್ಲಿ 99 ಶೇಕಡಾ ಎಂದಿರುವುದನ್ನು ನೋಡಿಯೇ ತೆಗೆದುಕೊಂಡೆ. ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು 70 ಶೇಕಡಾದ್ದು, ಉಳಿದದ್ದು ಬಹುಪಾಲು ನೀರು. ಕೈಗೆ ಹಾಕುವ ಸ್ಯಾನಿಟೈಸರ್ ಅಂತೂ ಬೇಡವೇ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಅದೇ ಅಂಗಡಿಯಲ್ಲಿ ಎಸ್‌ಎಸ್‌ಡಿ ಹಾಕಿ ಯುಎಸ್‌ಬಿಗೆ ಚುಚ್ಚುವ ಒಂದು ಡಬ್ಬಿ ಮತ್ತು ಪ್ರೊಸೆಸರಿಗೆ ಹಚ್ಚುವ ಥರ್ಮಲ್ ಪೇಸ್ಟ್ ತೆಗೆದುಕೊಂಡೆ.

ಮನೆಗೆ ಬಂದು ಮೊದಲು ಡೇಟಾ. ಎಸ್‌ಎಸ್‌ಡಿಯನ್ನು ಡಬ್ಬಿಗೆ ಹಾಕಿ ನನ್ನ ಹಳೆಯ ಕಂಪ್ಯೂಟರಿಗೆ ಜೋಡಿಸಿದರೆ ಅದು 48 ಅಂಕೆಗಳ ರಿಕವರಿ ಕೀ ಕೇಳಿತು. ಮಗಳ ಮುಖ ಬಿಳಿಚಿತು. ಅವಳು ಯಾವತ್ತೂ ಅಂಥ ಬೀಗ ಹಾಕಿರಲಿಲ್ಲ. ಈಗಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಎಷ್ಟೋ ಸಲ ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗ ತಾನಾಗಿ ಶುರುವಾಗಿರುತ್ತದೆ. ಕೀ ಆ ಅಕೌಂಟಿನಲ್ಲೇ ಕೂತಿರುತ್ತದೆ. ಫೋನಿನಲ್ಲಿ ಲಾಗಿನ್ ಆಗಿ ನೋಡಿದಳು, ಸಿಕ್ಕಿತು. ಅವಳು ಅಂಕೆ ಓದಿದಳು, ನಾನು ಒತ್ತಿದೆ. ವರದಿ ಪೆನ್‌ಡ್ರೈವಿಗೆ ಬಂದ ಮೇಲೆ ಮನೆಯವರೆಲ್ಲ ಊಟಕ್ಕೆ ಕೂತರು. ನೀವೂ ಇವತ್ತೇ ನಿಮ್ಮ ಕೀ ಎಲ್ಲಿದೆ ನೋಡಿ ಒಂದು ಕಾಗದದಲ್ಲಿ ಬರೆದಿಡಿ. ಲ್ಯಾಪ್‌ಟಾಪ್ ಒದ್ದೆಯಾದ ದಿನ ಪಾಸ್‌ವರ್ಡ್ ನೆನಪಾಗುವುದಿಲ್ಲ.

ಊಟದ ಮೇಲೆ ಬೋರ್ಡ್ ತೊಳೆಯುವ ಕೆಲಸ. ಒಂದೊಂದು ಪಟ್ಟಿ ಕೇಬಲ್ ಬಿಡಿಸುವ ಮೊದಲೂ ಫೋನಿನಲ್ಲಿ ಒಂದು ಫೋಟೊ. ಈ ಕೇಬಲ್ಲುಗಳನ್ನು ಹಿಡಿದಿರುವುದು ಉಗುರಿನ ಅಂಚಿನಷ್ಟು ಸಣ್ಣ ಅಗುಳಿ. ಅದನ್ನು ಎತ್ತಿದರೆ ಕೇಬಲ್ ತಾನಾಗಿ ಜಾರುತ್ತದೆ, ಎತ್ತದೆ ಎಳೆದರೆ ಹರಿಯುತ್ತದೆ. ವೈಫೈ ಕಾರ್ಡಿನ ಎರಡು ಪುಟ್ಟ ಗುಂಡಿಗಳು, ರ್‍ಯಾಮ್, ಫ್ಯಾನ್, ಪ್ರೊಸೆಸರಿನ ಮೇಲಿನ ತಾಮ್ರದ ಕೊಳವೆ ಎಲ್ಲ ಬಿಚ್ಚಿದೆ. ಎಷ್ಟೋ ಬೋರ್ಡುಗಳ ಮೇಲೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರುತ್ತದೆ, ಅದನ್ನೂ ತೆಗೆಯಲೇಬೇಕು. ಅದು ಉಳಿದರೆ ತೊಳೆಯುವಾಗಲೂ ಬೋರ್ಡಿನಲ್ಲಿ ಕರೆಂಟ್ ಇರುತ್ತದೆ. ದೊಡ್ಡ ಬ್ಯಾಟರಿ, ಸ್ಕ್ರೀನ್, ಸ್ಪೀಕರ್, ಫ್ಯಾನ್ ಇವುಗಳನ್ನು ತೊಳೆಯುವಂತಿಲ್ಲ, ಒರೆಸುವುದು ಮಾತ್ರ.

ಇನ್ನು ಮುಖ್ಯವಾದದ್ದು. ಎಲ್ಲರೂ ಐಪಿಎ ಹಾಕಿ ತೊಳೆಯಿರಿ ಎನ್ನುತ್ತಾರೆ. ನಾನೂ ಮೊದಲು ಒಂದು ಮೂಲೆಯಲ್ಲಿ ಅದನ್ನೇ ಹಾಕಿ ಉಜ್ಜಿದೆ. ಅಂಟು ಹೋಗಲಿಲ್ಲ, ಬ್ರಶ್ಶಿನ ಜೊತೆ ಎಳೆದಾಡಿತು ಅಷ್ಟೇ. ಸಕ್ಕರೆ ಆಲ್ಕೊಹಾಲಿನಲ್ಲಿ ಕರಗುವುದು ತೀರಾ ಕಡಿಮೆ. ಸಕ್ಕರೆ, ಉಪ್ಪು ಕರಗುವುದು ನೀರಿನಲ್ಲಿ. ಹಾಗಾಗಿ ಮೊದಲು ನೀರು, ಆಮೇಲೆ ಐಪಿಎ. ಆ ನೀರು ಬಾವಿಯದ್ದಾಗಬಾರದು, ಅದರಲ್ಲಿ ಲವಣಗಳಿವೆ. ಡಿಸ್ಟಿಲ್ಡ್ ವಾಟರ್ ಬೇಕು. ಅದು ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರಿನ ಪಕ್ಕದಲ್ಲೇ ಇರುತ್ತದೆ, ಬ್ಯಾಟರಿಗೆ ತುಂಬಿಸುವ ನೀರು ಅದೇ. ಸೀಲ್ ಒಡೆಯದ ಬಾಟಲಿಯನ್ನೇ ತೆಗೆದುಕೊಳ್ಳಿ. ಬ್ಯಾಟರಿಯ ಆಸಿಡ್ ಕೂಡ ಅಂಥದೇ ಬಾಟಲಿಯಲ್ಲಿ ಇರಬಹುದು.

ಸ್ಟೀಲ್ ತಟ್ಟೆಯಲ್ಲಿ ಬೋರ್ಡನ್ನು ಓರೆಯಾಗಿ ನಿಲ್ಲಿಸಿ, ಮೇಲಿನಿಂದ ಡಿಸ್ಟಿಲ್ಡ್ ವಾಟರ್ ಹನಿಸುತ್ತಾ ಮಕ್ಕಳ ಮೆದು ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದೆ. ತಗಡಿನ ಕವಚವನ್ನು ಎಟಿಎಂ ಕಾರ್ಡಿನಿಂದ ಎಬ್ಬಿಸಿದಾಗ ಅಡಿಯಲ್ಲಿ ಒಂದು ಕೆಂಪು ಹನಿ ಹಾಗೇ ನಿಂತಿತ್ತು. ಹೊರಗಿನಿಂದ ಎಷ್ಟು ಒರೆಸಿದರೂ ಅದು ಸಿಗುತ್ತಿರಲಿಲ್ಲ. ಪ್ರತಿ ಸಲ ತೊಳೆದ ಮೇಲೆ ಬಿಳಿ ಟಿಶ್ಯೂ ಒತ್ತಿ ನೋಡಿದೆ. ಮೊದಲು ದಾಸವಾಳದಂಥ ಕೆಂಪು. ಎರಡನೆಯ ಸಲ ಗುಲಾಬಿ. ಮೂರನೆಯ ಸಲ ಬಣ್ಣ ಇದೆಯೋ ಇಲ್ಲವೋ ಎಂಬಷ್ಟು. ಐದನೆಯ ಟಿಶ್ಯೂ ಬಿಳಿಯಾಗಿಯೇ ಬಂತು. ಕಿಲುಬು ಮಾತ್ರ ನೀರಿಗೆ ಬಗ್ಗಲಿಲ್ಲ. ಬ್ರಶ್ಶಿಗೆ ಐಪಿಎ ಹಾಕಿ ಪಿನ್ನಿನ ಉದ್ದಕ್ಕೆ ನಿಧಾನವಾಗಿ ಉಜ್ಜಿ, ಕೊನೆಗೆ ಬಿದಿರಿನ ಹಲ್ಲುಕಡ್ಡಿಯ ತುದಿಯಿಂದ ಕೆರೆದೆ. ಒಂದು ಪಿನ್ನಿನ ಬಂಗಾರದ ಬಣ್ಣ ಹೋಗಿ ಅಡಿಯ ತಾಮ್ರ ಕಾಣುತ್ತಿತ್ತು. ಪಿನ್ ಉಳಿದಿತ್ತು.

ಆಮೇಲೆ ಎರಡು ಸಲ ಐಪಿಎ ಸುರಿದೆ. ಇದು ನೀರಿನೊಂದಿಗೆ ಬೆರೆತು, ಬೋರ್ಡಿನ ಚಿಪ್ ಅಡಿಯಲ್ಲಿ ನಿಂತ ನೀರನ್ನೂ ಹೊರಗೆ ತಂದು ಬೇಗ ಆರುತ್ತದೆ. ಬೇಗ ಹತ್ತಿಕೊಳ್ಳುತ್ತದೆ ಕೂಡ. ಹಾಗಾಗಿ ಕೆಲಸ ಜಗಲಿಯಲ್ಲಿ, ಕಿಡಿ ಹಾರುವ ಯಾವುದೂ ಹತ್ತಿರ ಇಲ್ಲದೆ, ಅಡುಗೆಮನೆಯಿಂದ ದೂರ.

ಒಣಗಿಸುವುದು ಈಗ. ಬಿಸಿಲು ಎಲ್ಲಿಯದು? ಐಪಿಎ ವಾಸನೆ ಪೂರ್ತಿ ಹೋಗುವವರೆಗೆ, ಸಂಜೆಯ ತನಕ, ದೂರದಿಂದ ಟೇಬಲ್ ಫ್ಯಾನಿನ ಗಾಳಿ ಕೊಟ್ಟೆ. ಆಮೇಲೆ ಕೋಳಿಮರಿಗಳಿಗೆ ಶಾಖ ಕೊಡಲು ಇಟ್ಟಿದ್ದ 40 ವಾಟಿನ ಹಳೆಯ ತಂತಿ ಬಲ್ಬನ್ನು ಒಂದು ರಟ್ಟಿನ ಪೆಟ್ಟಿಗೆಯ ಮೇಲ್ಭಾಗದಲ್ಲಿ ರಟ್ಟಿಗೆ ತಾಗದಂತೆ ತೂಗಿಹಾಕಿ, ಎರಡು ಬದಿಗೆ ತೂತು ಮಾಡಿ, ತಳದಲ್ಲಿ ಬೋರ್ಡ್ ಇಟ್ಟೆ. ಎಲ್‌ಇಡಿ ಬಲ್ಬಿನಲ್ಲಿ ಇಷ್ಟು ಶಾಖ ಬರುವುದಿಲ್ಲ. ಒಳಗೆ ಥರ್ಮಾಮೀಟರ್ 45 ಡಿಗ್ರಿ ತೋರಿಸುತ್ತಿತ್ತು. ವಾಸನೆ ಇರುವಾಗ ಬಲ್ಬ್ ಹಚ್ಚಬಾರದು, ಐಪಿಎ ಆವಿ ಪೆಟ್ಟಿಗೆಯಲ್ಲಿ ತುಂಬಿದರೆ ಅಪಾಯ. ಸೋಮವಾರ ಸಂಜೆಯವರೆಗೆ ಹಾಗೇ ಬಿಟ್ಟೆ. ನಡುನಡುವೆ ಕರೆಂಟ್ ಹೋದದ್ದನ್ನೂ ಲೆಕ್ಕ ಹಾಕಿದರೆ ಮೂವತ್ತು ಗಂಟೆಯಾದರೂ ಶಾಖ ಸಿಕ್ಕಿರಬೇಕು. ರಾತ್ರಿ ಮಲಗುವಾಗ ಮಾತ್ರ ಬಲ್ಬ್ ಆರಿಸುತ್ತಿದ್ದೆ.

ಜೋಡಿಸುವ ಮೊದಲು ಮಲ್ಟಿಮೀಟರ್. ಚಾರ್ಜರ್ ಒಳಬರುವ ಜಾಗದ ಪಾಸಿಟಿವಿಗೂ ನೆಲಕ್ಕೂ, ಅಂದರೆ ಸ್ಕ್ರೂ ತೂತಿನ ಸುತ್ತಲಿನ ಲೋಹಕ್ಕೂ, ಶಾರ್ಟ್ ಇದೆಯೇ ನೋಡಿದೆ. ಬೀಪ್ ಬರಲಿಲ್ಲ. ಪ್ರೊಸೆಸರಿನ ಪಕ್ಕದ ಕಾಯಿಲುಗಳಲ್ಲಿ ಬೀಪ್ ಬಂತು. ಅಲ್ಲಿ ಹೆದರಬೇಕಾಗಿಲ್ಲ, ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ರೆಸಿಸ್ಟೆನ್ಸ್ ಯಾವಾಗಲೂ ತೀರಾ ಕಡಿಮೆ. ಚಾರ್ಜರಿನ ಕಡೆ ಬೀಪ್ ಬಂದಿದ್ದರೆ ಕರೆಂಟ್ ಕೊಡದೆ, ಬೋರ್ಡ್ ರಿಪೇರಿ ಗೊತ್ತಿರುವವರಿಗೇ ಒಯ್ಯುತ್ತಿದ್ದೆ.

ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಬೇಕಾದಷ್ಟನ್ನೇ ಜೋಡಿಸಿದೆ. ಕೀಬೋರ್ಡ್ ಕೇಬಲ್ ಹಾಕಲಿಲ್ಲ. ನಮ್ಮದರಲ್ಲಿ ಪವರ್ ಬಟನ್ ಬೇರೆ ಚಿಕ್ಕ ಬೋರ್ಡಿನಲ್ಲಿ ಇದ್ದುದರಿಂದ ಅನುಕೂಲವಾಯಿತು. ಮಗಳು ಸೋಮವಾರ ಬೆಳಗ್ಗೆಯೇ ಪೆನ್‌ಡ್ರೈವ್ ಹಿಡಿದು ಮಂಗಳೂರಿಗೆ ಹೋಗಿದ್ದಳು, ವಿಡಿಯೊ ಕಾಲಿನಲ್ಲಿ ಇದ್ದಳು. ಬಟನ್ ಒತ್ತಿದೆ. ಫ್ಯಾನ್ ಒಮ್ಮೆ ತಿರುಗಿ ನಿಂತಿತು. ಐದಾರು ಸೆಕೆಂಡ್ ಏನೂ ಇಲ್ಲ. ಆಮೇಲೆ ಸ್ಕ್ರೀನಿನಲ್ಲಿ ಬೆಳಕು, ತಾರೀಕು ಸಮಯ ತಪ್ಪಾಗಿದೆ ಎಂಬ ಸೂಚನೆ. ನಾಣ್ಯದ ಬ್ಯಾಟರಿ ತೆಗೆದದ್ದರಿಂದ ಅದು ಬರಲೇಬೇಕು.

"ಬಂತಾ ಅಪ್ಪಾ?"

"ಬಂತು ಮಗಾ. ವಿಂಡೋಸೂ ಬಂತು."

ಆಚೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅವಳ ಕಣ್ಣು ತುಂಬಿತ್ತು, ನನ್ನದೂ.

ಕೀಬೋರ್ಡ್ ಮಾತ್ರ ಉಳಿಯಲಿಲ್ಲ. ಅದನ್ನೂ ತೊಳೆದು ಒಣಗಿಸಿದ್ದೆ. ಜೋಡಿಸಿ ಒಂದು ಖಾಲಿ ಹಾಳೆ ತೆರೆದರೆ ಮುಟ್ಟದೆಯೇ ಕಕಕಕಕ ಎಂದು ಸಾಲು ತುಂಬತೊಡಗಿತು. ಕೀಲಿಗಳ ಅಡಿಯಲ್ಲಿ ಮೂರು ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಇರುತ್ತವೆ, ಅವುಗಳ ಮೇಲೆ ಕರೆಂಟ್ ಹರಿಯುವ ಗೆರೆಗಳು. ಆ ಹಾಳೆಗಳ ನಡುವೆ ಒಮ್ಮೆ ಸಿಹಿನೀರು ಎಳೆದುಕೊಂಡರೆ ಹೊರಗಿನಿಂದ ತೊಳೆದು ತೆಗೆಯುವುದು ಆಗದ ಮಾತು. ಹೊಸದು ತರಿಸಿದೆ. ಬರಲು ಐದು ದಿನ, ಬೆಲೆ 1,350 ರೂಪಾಯಿ. ಅಷ್ಟು ದಿನ ಯುಎಸ್‌ಬಿ ಕೀಬೋರ್ಡಿನಲ್ಲಿ ಪರೀಕ್ಷೆ ಮಾಡುತ್ತಿದ್ದೆ.

ಹಳೆಯದನ್ನು ತೆಗೆಯುವ ಕೆಲಸ ಇಡೀ ರಿಪೇರಿಯಲ್ಲೇ ಬೇಸರದ್ದು. ಸ್ಕ್ರೂ ಇಲ್ಲ. ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಚಪ್ಪಟೆ ಮಾಡಿ ಕೂರಿಸಿದ್ದಾರೆ, ಎಣಿಸಿದರೆ 72. ಒಂದೊಂದರ ತಲೆಯನ್ನೂ ಬ್ಲೇಡಿನಿಂದ ಕೊಯ್ದು, ಹೊಸ ಕೀಬೋರ್ಡ್ ಕೂರಿಸಿ, 25 ವಾಟಿನ ಸೋಲ್ಡರಿಂಗ್ ಐರನ್ನಿನ ಬದಿಯನ್ನು ಒಂದೊಂದು ಸೆಕೆಂಡ್ ತಾಗಿಸಿ ಮತ್ತೆ ಚಪ್ಪಟೆ ಮಾಡಿದೆ. ಹನ್ನೊಂದು ಮುರಿದವು. ಆ ಜಾಗಕ್ಕೆ ತೆಳುವಾದ ಡಬಲ್ ಟೇಪ್ ಹಾಕಿದೆ. ಸ್ಪೇಸ್ ಬಾರ್ ಬಲತುದಿಯಲ್ಲಿ ಒತ್ತಿದರೆ ಈಗಲೂ ಸ್ವಲ್ಪ ಬಗ್ಗುತ್ತದೆ. ಎಡ ಸ್ಪೀಕರ್ ದೊಡ್ಡ ಶಬ್ದಕ್ಕೆ ಗರಗರ ಎನ್ನುತ್ತದೆ, ಅದರ ತೆಳು ಹಾಳೆಗೆ ಶರಬತ್ತು ತಾಗಿರಬೇಕು. ಇಯರ್‌ಫೋನ್ ಉಂಟಲ್ಲ ಎಂದು ಮಗಳು ಅದನ್ನು ಬಿಡಲು ಹೇಳಿದಳು.

ಮೂರು ವಾರ ಕಳೆದು ಅವಳು ಮತ್ತೆ ಮನೆಗೆ ಬಂದಾಗ ಒಂದು ಸಲ ಹಿಂಬದಿ ಬಿಚ್ಚಿದೆ. ತೊಳೆದದ್ದು ಸಾಕಾಗಿದೆಯೇ ಎಂದು ತಿಳಿಯಲು ಇದು ಬೇಕೇ ಬೇಕು. ಕಿಲುಬು ಉಳಿದಿದ್ದರೆ ಮಳೆಗಾಲದ ತೇವಕ್ಕೆ ಅಷ್ಟರಲ್ಲಿ ಮತ್ತೆ ಬೆಳೆದಿರುತ್ತದೆ. ಬ್ಯಾಟರಿ ಬಿಡಿಸಿ, ತಗಡಿನ ಕವಚ ಎಬ್ಬಿಸಿ, ಅಮ್ಮ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ಆ ಎರಡು ಪಿನ್ನುಗಳನ್ನು ನೋಡಿದೆ. ಒಂದು ಬಂಗಾರದ ಬಣ್ಣ, ಒಂದು ತಾಮ್ರದ ಬಣ್ಣ. ಹಸಿರು ಇಲ್ಲ. ಮಗಳಿಗೂ ತೋರಿಸಿದೆ. ಒಂಬತ್ತು ಸ್ಕ್ರೂಗಳನ್ನು ಈ ಸಲ ಅವಳೇ ಹಾಕಿದಳು, ಹಾಳೆ ನೋಡಿಕೊಂಡು, ಉದ್ದದ ಎರಡನ್ನು ಕೊನೆಗೆ.